ಸೋಮಾರಿ ಚಿನ್ನ ಕೆಲಸಕ್ಕೆ ಇಳಿದಾಗ

ಚಿನ್ನವನ್ನು ಜನ ಕೊಳ್ಳುವುದೇ ಅದು ಏನೂ ಮಾಡುವುದಿಲ್ಲ ಎಂಬ ಭರವಸೆಯ ಮೇಲೆ. ಅಜ್ಜಿಯ ಕಾಸಿನ ಸರ ಮೊಮ್ಮಗಳ ಮದುವೆಗೆ ಬಂದಾಗಲೂ ಹೊಳಪು ಮಾಸಿರುವುದಿಲ್ಲ. ಕಬ್ಬಿಣ ತುಕ್ಕು ಹಿಡಿಯುತ್ತದೆ, ತಾಮ್ರದ ಬಿಂದಿಗೆ ಕಿಲುಬುಗಟ್ಟುತ್ತದೆ, ಬೆಳ್ಳಿಯ ಲೋಟ ಕಪ್ಪಾಗುತ್ತದೆ. ಚಿನ್ನ ಮಾತ್ರ ಗಾಳಿ, ನೀರು, ಬೆವರು ಯಾವುದರ ಗೊಡವೆಗೂ ಹೋಗದೆ ಇದ್ದಂತೆಯೇ ಇರುತ್ತದೆ. ರಸಾಯನ ವಿಜ್ಞಾನಿಗಳೂ ಅದನ್ನು ಬಹುಕಾಲ ಹೀಗೆಯೇ ಕಂಡರು. ಪ್ಲಾಟಿನಂ, ಪಲ್ಲಾಡಿಯಂ, ನಿಕ್ಕಲ್, ಕಬ್ಬಿಣ ಇವೆಲ್ಲ ಕಾರ್ಖಾನೆಗಳಲ್ಲಿ ವೇಗವರ್ಧಕಗಳಾಗಿ ಹಗಲಿರುಳು ದುಡಿಯುತ್ತಿದ್ದ ಕಾಲದಲ್ಲಿ ಚಿನ್ನವನ್ನು ಕೆಲಸಕ್ಕೆ ಬಾರದ ಲೋಹವೆಂದು ಪಕ್ಕಕ್ಕಿಟ್ಟಿದ್ದರು.

1987ರಲ್ಲಿ ಪ್ರಕಟವಾದ ಒಂದು ಪುಟ್ಟ ಪ್ರಬಂಧ ಆ ನಂಬಿಕೆಯನ್ನು ಬುಡಮೇಲು ಮಾಡಿತು. ಜಪಾನಿನ ಒಸಾಕಾದ ಸರ್ಕಾರಿ ಕೈಗಾರಿಕಾ ಸಂಶೋಧನಾ ಸಂಸ್ಥೆಯಲ್ಲಿದ್ದ ಮಸತಾಕೆ ಹರೂತ ಮತ್ತು ಸಂಗಡಿಗರು ಕಬ್ಬಿಣದ ಆಕ್ಸೈಡಿನ ಮೇಲೆ ಚಿನ್ನದ ಅತಿ ಸಣ್ಣ ಕಣಗಳನ್ನು ಕೂರಿಸಿ, ಗಾಳಿಯ ಜೊತೆ ಕಾರ್ಬನ್ ಮೊನಾಕ್ಸೈಡನ್ನು ಅದರ ಮೂಲಕ ಹಾಯಿಸಿದರು. ಒಳಗೆ ಹೋದ ವಿಷಾನಿಲ ಕಾರ್ಬನ್ ಡೈಆಕ್ಸೈಡ್ ಆಗಿ ಹೊರಬಂತು. ಬೆರಗು ಇದ್ದದ್ದು ಉಷ್ಣಾಂಶದಲ್ಲಿ. ಕಾರಿನ ಹೊಗೆಕೊಳವೆಯಲ್ಲಿ ಇದೇ ಕೆಲಸ ಮಾಡುವ ಪ್ಲಾಟಿನಂ ಸರಿಯಾಗಿ ಚುರುಕಾಗಲು ಇನ್ನೂರು ಡಿಗ್ರಿಗೂ ಮೀರಿದ ಕಾವು ಬೇಕು. ಹರೂತರ ಚಿನ್ನ ಸೊನ್ನೆಗಿಂತ 70 ಡಿಗ್ರಿ ಕೆಳಗಿನ ಚಳಿಯಲ್ಲೂ ಆ ಕೆಲಸ ಮುಗಿಸುತ್ತಿತ್ತು.

ಬದಲಾದದ್ದು ಚಿನ್ನದ ಜಾತಿಯಲ್ಲ, ಅದರ ಗಾತ್ರ ಮತ್ತು ಅದು ಕುಳಿತ ಜಾಗ. ಈ ಒಂದು ತಿಳಿವಳಿಕೆಯ ಸುತ್ತ ಕಳೆದ ನಾಲ್ಕು ದಶಕಗಳಲ್ಲಿ ದೊಡ್ಡದೊಂದು ವಿಜ್ಞಾನವೇ ಬೆಳೆದಿದೆ. ಬೆಂಗಳೂರಿನ ಪ್ರಯೋಗಾಲಯಗಳಿಗೂ ಅದರಲ್ಲಿ ಪಾಲಿದೆ.

ವೇಗವರ್ಧಕ ಎಂದರೆ ರಾಸಾಯನಿಕ ಕ್ರಿಯೆಯಲ್ಲಿ ಭಾಗವಹಿಸಿ, ಅದನ್ನು ಬೇಗ ನಡೆಸಿ, ಕೊನೆಗೆ ತಾನು ಖರ್ಚಾಗದೆ ಉಳಿಯುವ ವಸ್ತು. ಲೋಹಗಳಿಗೆ ಈ ಗುಣವಿರುವುದು ಹತ್ತೊಂಬತ್ತನೇ ಶತಮಾನದ ಆರಂಭದಲ್ಲೇ ಗೊತ್ತಾಗಿತ್ತು. 1817ರಲ್ಲಿ ಇಂಗ್ಲೆಂಡಿನ ಹಂಫ್ರಿ ಡೇವಿ, ಕಲ್ಲಿದ್ದಲ ಅನಿಲ ಮತ್ತು ಗಾಳಿಯ ಮಿಶ್ರಣದಲ್ಲಿ ಬಿಸಿ ಪ್ಲಾಟಿನಂ ತಂತಿಯನ್ನು ಹಿಡಿದರೆ ಜ್ವಾಲೆಯಿಲ್ಲದೆಯೇ ಅದು ಕೆಂಪಗೆ ಉರಿಯುವುದನ್ನು ಕಂಡ. 1823ರಲ್ಲಿ ಜರ್ಮನಿಯ ಯೇನಾದಲ್ಲಿದ್ದ ಡೋಬರೈನರ್ ಇದನ್ನೇ ದೀಪ ಹೊತ್ತಿಸುವ ಸಾಧನವಾಗಿ ಮಾಡಿದ. ಸತುವಿನ ಮೇಲೆ ಗಂಧಕಾಮ್ಲ ಬಿದ್ದಾಗ ಬರುವ ಹೈಡ್ರೋಜನ್, ಸ್ಪಂಜಿನಂತೆ ರಂಧ್ರಗಳಿರುವ ಪ್ಲಾಟಿನಂಗೆ ತಾಗಿದೊಡನೆ ಹೊತ್ತಿಕೊಳ್ಳುತ್ತಿತ್ತು. ಗೀರಿದರೆ ಹೊತ್ತುವ ಬೆಂಕಿಕಡ್ಡಿ ಇನ್ನೂ ಬಂದಿರದ ಕಾಲದಲ್ಲಿ ಈ ದೀಪಗಳು ಸಾವಿರಾರು ಸಂಖ್ಯೆಯಲ್ಲಿ ಮಾರಾಟವಾದವು. ಸ್ವೀಡನ್ನಿನ ಬರ್ಜೀಲಿಯಸ್ 1835ರ ಹೊತ್ತಿಗೆ ಇಂಥ ಅನೇಕ ಚದುರಿದ ಸಂಗತಿಗಳನ್ನು ಒಂದೇ ತಲೆಬರಹದ ಕೆಳಗೆ ತಂದು ಕೆಟಾಲಿಸಿಸ್ ಎಂದು ಹೆಸರಿಟ್ಟ.

ಲೋಹದ ಮೇಲೆ ನಿಜಕ್ಕೂ ಏನು ನಡೆಯುತ್ತದೆ ಎಂಬುದನ್ನು ಹಂತಹಂತವಾಗಿ ತೋರಿಸಿಕೊಟ್ಟವರು ಬರ್ಲಿನ್ನಿನ ಫ್ರಿಟ್ಸ್ ಹೇಬರ್ ಸಂಸ್ಥೆಯ ಗೆರ್ಹಾರ್ಡ್ ಎರ್ಟ್ಲ್. 2007ರ ರಸಾಯನ ವಿಜ್ಞಾನದ ನೊಬೆಲ್ ಅವರಿಗೆ ಸಿಕ್ಕಿದ್ದು ಈ ಕೆಲಸಕ್ಕೇ. ಕಾರ್ಬನ್ ಮೊನಾಕ್ಸೈಡನ್ನೇ ತೆಗೆದುಕೊಂಡರೆ, ಆ ಅಣು ಪ್ಲಾಟಿನಂ ಮೇಲ್ಮೈಗೆ ಬಂದು ಅಂಟುತ್ತದೆ. ಆಕ್ಸಿಜನ್ ಅಣುವೂ ಬಂದು ಅಂಟಿ, ಅಲ್ಲೇ ಎರಡು ಪರಮಾಣುಗಳಾಗಿ ಒಡೆಯುತ್ತದೆ. ಗಾಳಿಯಲ್ಲಿ ತಾನಾಗಿ ಒಡೆಯಲು ಬಹಳ ಶಕ್ತಿ ಬೇಡುವ ಆ ಬಂಧ ಲೋಹದ ಆಸರೆಯಲ್ಲಿ ಸುಲಭವಾಗಿ ಸಡಿಲುತ್ತದೆ. ಒಡೆದ ಆಕ್ಸಿಜನ್ ಪಕ್ಕದ ಕಾರ್ಬನ್ ಮೊನಾಕ್ಸೈಡಿಗೆ ಸೇರಿ ಕಾರ್ಬನ್ ಡೈಆಕ್ಸೈಡ್ ಆಗಿ ಹಾರಿಹೋಗುತ್ತದೆ, ಖಾಲಿಯಾದ ಜಾಗಕ್ಕೆ ಮುಂದಿನ ಅಣು ಬರುತ್ತದೆ. ಒಳ್ಳೆಯ ವೇಗವರ್ಧಕ ಅಣುವನ್ನು ಹಿಡಿದುಕೊಳ್ಳಬೇಕು, ಹೊತ್ತಿಗೆ ಸರಿಯಾಗಿ ಬಿಡಲೂ ಬೇಕು. ಹಿಡಿತ ಅತಿಯಾದರೆ ಮೇಲ್ಮೈಯೆಲ್ಲ ಅಣುಗಳಿಂದ ಮುಚ್ಚಿಹೋಗಿ ಕೆಲಸ ನಿಲ್ಲುತ್ತದೆ, ಹಿಡಿತವೇ ಇಲ್ಲದಿದ್ದರೆ ಶುರುವೇ ಆಗುವುದಿಲ್ಲ.

ಚಿನ್ನದ ತೊಂದರೆ ಈ ಎರಡನೆಯದು. ಗಟ್ಟಿ ಚಿನ್ನದ ಮೇಲ್ಮೈ ಆಕ್ಸಿಜನ್ನನ್ನು ಹಿಡಿಯುವುದೇ ಇಲ್ಲ. ಡೆನ್ಮಾರ್ಕಿನ ಹ್ಯಾಮರ್ ಮತ್ತು ನೋರ್ಸ್ಕೋವ್ 1995ರಲ್ಲಿ ಇದರ ಕಾರಣವನ್ನು ಲೆಕ್ಕಹಾಕಿ ತೋರಿಸಿದರು. ಚಿನ್ನದ ಪರಮಾಣುಗಳ ಹೊರವಲಯದ ಎಲೆಕ್ಟ್ರಾನುಗಳು ಇರುವ ರೀತಿಯಿಂದಾಗಿ, ಬಂದ ಅಣುವಿನ ಜೊತೆ ಬಂಧ ಏರ್ಪಟ್ಟರೂ ಅದನ್ನು ಸಡಿಲಗೊಳಿಸುವ ಮಟ್ಟಗಳೂ ತುಂಬಿಬಿಡುತ್ತವೆ. ಕೂಡಿದ್ದು ಅಲ್ಲೇ ಕಳೆದುಹೋಗುತ್ತದೆ.

ಆದರೆ ಈ ಲೆಕ್ಕ ಗಟ್ಟಿ ಚಿನ್ನದ ನುಣುಪಾದ ಮೇಲ್ಮೈಗೆ ಹೊಂದುವಂಥದ್ದು. ನ್ಯಾನೊ ಗಾತ್ರಕ್ಕೆ ಇಳಿದರೆ ಕಥೆಯೇ ಬೇರೆ.

ನ್ಯಾನೊಮೀಟರ್ ಎಂದರೆ ಮಿಲಿಮೀಟರಿನ ಹತ್ತು ಲಕ್ಷದಲ್ಲಿ ಒಂದು ಪಾಲು. ಚಿನ್ನದ ಪರಮಾಣುವಿನ ಅಡ್ಡಳತೆ ಸುಮಾರು 0.29 ನ್ಯಾನೊಮೀಟರ್ ಆದ್ದರಿಂದ, 3 ನ್ಯಾನೊಮೀಟರಿನ ಕಣದ ಉದ್ದಕ್ಕೂ ಹತ್ತೇ ಹತ್ತು ಪರಮಾಣುಗಳು ನಿಲ್ಲುತ್ತವೆ. ಮೇಲ್ಮೈಯ ಲೆಕ್ಕ ಇನ್ನೂ ಸ್ವಾರಸ್ಯದ್ದು. ಒಂದು ಸೆಂಟಿಮೀಟರ್ ಉದ್ದ, ಅಗಲ, ಎತ್ತರದ ಚಿನ್ನದ ಗಟ್ಟಿ 19.3 ಗ್ರಾಂ ತೂಗುತ್ತದೆ. ಅದರ ಆರೂ ಮುಖಗಳ ವಿಸ್ತೀರ್ಣ ಸೇರಿ 6 ಚದರ ಸೆಂಟಿಮೀಟರ್. ಅದನ್ನೇ 5 ನ್ಯಾನೊಮೀಟರಿನ ಘನಗಳಾಗಿ ಕತ್ತರಿಸಬಹುದಾದರೆ ಒಟ್ಟು ಮೇಲ್ಮೈ 1,200 ಚದರ ಮೀಟರ್ ಆಗುತ್ತದೆ. ಬೆಂಗಳೂರಿನ 30 ಅಡಿಗೆ 40 ಅಡಿಯ ಸೈಟುಗಳು ಹತ್ತು ಸೇರಿದರೂ ಅಷ್ಟಾಗುವುದಿಲ್ಲ. ಚಿನ್ನ ಅಷ್ಟೇ, ಅಣುಗಳು ಬಂದು ಕೂರಲು ಸಿಗುವ ಜಾಗ ಮಾತ್ರ ಇಪ್ಪತ್ತು ಲಕ್ಷ ಪಟ್ಟು.

ಜಾಗ ಹೆಚ್ಚಾಯಿತೆಂಬುದು ಅರ್ಧ ವಿವರಣೆ ಮಾತ್ರ. 55 ಪರಮಾಣುಗಳ ಒಂದು ಗುಂಪಿನಲ್ಲಿ 42 ಪರಮಾಣುಗಳು ಹೊರಮೈಯಲ್ಲೇ ಇರುತ್ತವೆ. 13ರ ಗುಂಪಿನಲ್ಲಿ ಒಂದೇ ಒಂದು ಒಳಗೆ, ಉಳಿದ ಹನ್ನೆರಡೂ ಹೊರಗೆ. ಗಟ್ಟಿ ಚಿನ್ನದ ಒಳಗಿನ ಪರಮಾಣುವಿಗೆ ಸುತ್ತ ಹನ್ನೆರಡು ನೆರೆಯವರಿದ್ದು, ಅದರ ಬಂಧಗಳೆಲ್ಲ ಅವರ ಜೊತೆಯೇ ಮುಗಿದಿರುತ್ತವೆ. ನ್ಯಾನೊಕಣದ ಮೂಲೆಯಲ್ಲೋ ಅಂಚಿನಲ್ಲೋ ಕುಳಿತ ಪರಮಾಣುವಿಗೆ ನೆರೆಯವರು ಆರೇಳು ಮಾತ್ರ. ಅದು ಹೊರಗಿನಿಂದ ಬಂದ ಅಣುವಿನ ಜೊತೆ ಬಂಧಕ್ಕೆ ಸಿದ್ಧವಾಗಿರುತ್ತದೆ. ಲೋಹದ ಸ್ವಭಾವವೇ ಈ ಹಂತದಲ್ಲಿ ಮಾರ್ಪಡುತ್ತದೆ. 1,064 ಡಿಗ್ರಿಯಲ್ಲಿ ಕರಗುವ ಚಿನ್ನ ಎರಡು ಮೂರು ನ್ಯಾನೊಮೀಟರಿಗೆ ಇಳಿದಾಗ ನೂರಾರು ಡಿಗ್ರಿ ಮೊದಲೇ ಕರಗುತ್ತದೆ. ಅದರ ಬಣ್ಣ ಹಳದಿಯಾಗಿ ಉಳಿಯುವುದಿಲ್ಲ. ಮೈಕೆಲ್ ಫ್ಯಾರಡೆ 1857ರಲ್ಲಿ ಚಿನ್ನದ ಲವಣದಿಂದ ಮಾಣಿಕ್ಯದಂಥ ಕೆಂಪು ದ್ರವವನ್ನು ತಯಾರಿಸಿ, ಆ ಕೆಂಪು ಚಿನ್ನದ ಸೂಕ್ಷ್ಮ ಕಣಗಳದ್ದೇ ಎಂದು ಹೇಳಿದ್ದ. ಅವನ ಮಾತು ಸರಿಯಾಗಿತ್ತು, ಆದರೆ ಆ ಕಣಗಳನ್ನು ಕಣ್ಣಾರೆ ಕಾಣಬಲ್ಲ ಎಲೆಕ್ಟ್ರಾನ್ ಸೂಕ್ಷ್ಮದರ್ಶಕ ಬರಲು ಮುಕ್ಕಾಲು ಶತಮಾನ ಬೇಕಾಯಿತು.

ಹಾಗಾದರೆ ಹರೂತರಿಗಿಂತ ಮೊದಲು ಇದು ಯಾರಿಗೂ ಏಕೆ ದಕ್ಕಲಿಲ್ಲ? ಉತ್ತರ ತಯಾರಿಯ ವಿಧಾನದಲ್ಲಿದೆ. ಪ್ಲಾಟಿನಂ ವೇಗವರ್ಧಕ ಮಾಡುವವರು ಲೋಹದ ಲವಣದ ದ್ರಾವಣದಲ್ಲಿ, ಕಣಗಳನ್ನು ಹೊರಬೇಕಾದ ಆಧಾರ ವಸ್ತುವನ್ನು ನೆನೆಸಿ, ಒಣಗಿಸಿ, ಕಾಯಿಸುತ್ತಿದ್ದರು. ಚಿನ್ನದ ಕ್ಲೋರೈಡಿನಿಂದ ಹಾಗೆ ಮಾಡಿದಾಗ ಹಿಂದೆ ಉಳಿದ ಕ್ಲೋರೈಡು ಕಣಗಳನ್ನು ಒಂದಕ್ಕೊಂದು ಬೆಸೆದು ದಪ್ಪ ಗಂಟುಗಳನ್ನಾಗಿ ಮಾಡುತ್ತಿತ್ತು. ಹರೂತ ಚಿನ್ನದ ಲವಣವನ್ನೂ ಕಬ್ಬಿಣದ ನೈಟ್ರೇಟನ್ನೂ ಒಟ್ಟಿಗೆ ಕರಗಿಸಿ, ಸೋಡಿಯಂ ಕಾರ್ಬೊನೇಟ್ ಸೇರಿಸಿ ಎರಡನ್ನೂ ಒಂದೇ ಸಲ ತಳಕ್ಕೆ ಇಳಿಸಿದರು. ಚೆನ್ನಾಗಿ ತೊಳೆದು 400 ಡಿಗ್ರಿಯಲ್ಲಿ ಸುಟ್ಟಾಗ ಹತ್ತು ನ್ಯಾನೊಮೀಟರಿಗಿಂತ ಚಿಕ್ಕ ಚಿನ್ನದ ಕಣಗಳು ಆಕ್ಸೈಡಿನ ತುಂಬ ಸಮನಾಗಿ ಹರಡಿಕೊಂಡವು. ತೊಳೆಯುವುದು, ಆಮ್ಲೀಯತೆಯನ್ನು ಹದದಲ್ಲಿಡುವುದು, ಕಾವು ಮೀರದಂತೆ ನೋಡಿಕೊಳ್ಳುವುದು ಇಂಥ ಕೈಗೆಲಸದ ಶಿಸ್ತಿನಿಂದಲೇ ಆ ಫಲಿತಾಂಶ ಬಂತು.

ಇನ್ನೊಂದು ಅನುಕೂಲವೂ ಕಂಡಿತು. ಮೊದಲ ಮಹಾಯುದ್ಧದ ಕಾಲದಿಂದ ಅನಿಲ ಮುಖವಾಡಗಳಲ್ಲಿ ಬಳಸುತ್ತಿದ್ದ ಹಾಪ್‌ಕಲೈಟ್ ಎಂಬ ತಾಮ್ರ-ಮ್ಯಾಂಗನೀಸ್ ಆಕ್ಸೈಡ್ ತೇವ ತಾಗಿದರೆ ನಿಷ್ಕ್ರಿಯವಾಗುತ್ತದೆ. ಚಿನ್ನದ ಕಣಗಳಿಗೆ ಗಾಳಿಯ ತೇವ ಅಡ್ಡಿಯಾಗುವ ಬದಲು ನೆರವಾಗುತ್ತದೆ. 1992ರಲ್ಲಿ ಜಪಾನಿನಲ್ಲಿ ಈ ವೇಗವರ್ಧಕ ಶೌಚಾಲಯಗಳ ದುರ್ವಾಸನೆ ತೆಗೆಯುವ ಉಪಕರಣವಾಗಿ ಮಾರುಕಟ್ಟೆಗೆ ಬಂತು. ಕೊಳೆತ ಮೀನಿನ ವಾಸನೆ ಕೊಡುವ ಟ್ರೈಮೀಥೈಲಮೀನ್ ಅನ್ನು ಅದು ಕಡಿಮೆ ಕಾವಿನಲ್ಲೇ ಒಡೆಯುತ್ತಿತ್ತು.

ಆಮೇಲಿನ ವರ್ಷಗಳಲ್ಲಿ ವಿಜ್ಞಾನಿಗಳು ಬೆನ್ನುಹತ್ತಿದ್ದು ಒಂದೇ ಪ್ರಶ್ನೆಯನ್ನು: ಇಷ್ಟು ಕಣಗಳಲ್ಲಿ ನಿಜವಾಗಿ ದುಡಿಯುವವು ಯಾವುವು? ಅಮೆರಿಕದ ಟೆಕ್ಸಾಸ್ ಎ ಅಂಡ್ ಎಂ ವಿಶ್ವವಿದ್ಯಾಲಯದ ವೇನ್ ಗುಡ್‌ಮನ್ ತಂಡ 1998ರಲ್ಲಿ, ಟೈಟಾನಿಯಂ ಆಕ್ಸೈಡಿನ ಮೇಲಿನ ಚಿನ್ನ ಸುಮಾರು 3 ನ್ಯಾನೊಮೀಟರ್ ಅಗಲ ಮತ್ತು ಎರಡು ಪರಮಾಣು ಪದರದಷ್ಟು ದಪ್ಪ ಇದ್ದಾಗ ಅತಿ ಹೆಚ್ಚು ಚುರುಕಾಗಿರುವುದನ್ನು ತೋರಿಸಿತು. 2008ರಲ್ಲಿ ಅಮೆರಿಕದ ಕ್ರಿಸ್ಟೋಫರ್ ಕೀಲಿ ಮತ್ತು ಬ್ರಿಟನ್ನಿನ ಗ್ರಹಾಂ ಹಚಿಂಗ್ಸ್ ತಂಡಗಳು, ಕಬ್ಬಿಣದ ಆಕ್ಸೈಡಿನ ಮೇಲೆ ಹತ್ತರಷ್ಟೇ ಪರಮಾಣುಗಳಿರುವ, ಅರ್ಧ ನ್ಯಾನೊಮೀಟರಿನ ಗುಂಪುಗಳು ಮುಖ್ಯ ದುಡಿಮೆಗಾರರು ಎಂದು ವರದಿ ಮಾಡಿದವು. ಒಟ್ಟು ಚಿನ್ನದಲ್ಲಿ ಅವುಗಳ ಪಾಲು ತೀರ ಕಡಿಮೆ. ಚಿನ್ನ ಮತ್ತು ಆಕ್ಸೈಡು ಸೇರುವ ಗಡಿರೇಖೆಯೇ ಮುಖ್ಯ ಎನ್ನುವವರಿದ್ದಾರೆ, ಕಣದ ಮೇಲಿನ ವಿದ್ಯುದಂಶ ಮುಖ್ಯ ಎನ್ನುವವರಿದ್ದಾರೆ. ಬೇರೆ ಬೇರೆ ಆಧಾರಗಳ ಮೇಲೆ ಉತ್ತರವೂ ಬೇರೆಯಾಗುತ್ತಿರುವುದರಿಂದ ಚರ್ಚೆ ಮುಗಿದಿಲ್ಲ.

ಇಷ್ಟೆಲ್ಲ ಪ್ರಯೋಗಾಲಯದ ಕುತೂಹಲ ಮಾತ್ರವೇ ಎಂದು ಕೇಳುವವರಿಗೆ ಉತ್ತರ ಜಪಾನಿನ ಇನ್ನೊಂದು ಊರಿನ ಹೆಸರಿನಲ್ಲಿದೆ. ಅದು ಮಿನಮಾತ.

ಕ್ಯೂಶೂ ದ್ವೀಪದ ಆ ಕರಾವಳಿ ಊರಿನಲ್ಲಿ ಚಿಸ್ಸೊ ಎಂಬ ಕಂಪನಿ 1932ರಿಂದ ಅಸಿಟಿಲೀನ್ ಅನಿಲದಿಂದ ಅಸಿಟಾಲ್ಡಿಹೈಡ್ ತಯಾರಿಸುತ್ತಿತ್ತು. ಆ ಕ್ರಿಯೆಗೆ ವೇಗವರ್ಧಕವಾಗಿದ್ದದ್ದು ಪಾದರಸದ ಲವಣ. ಒಳಗೇ ಹುಟ್ಟಿದ ಮೀಥೈಲ್ ಪಾದರಸ ತ್ಯಾಜ್ಯನೀರಿನ ಜೊತೆ ಕೊಲ್ಲಿಗೆ ಸೇರಿತು. ಅಲ್ಲಿಂದ ಮೀನಿಗೆ, ಮೀನಿನಿಂದ ಬೆಕ್ಕುಗಳಿಗೆ ಮತ್ತು ಬೆಸ್ತರ ಕುಟುಂಬಗಳಿಗೆ. ಬೆಕ್ಕುಗಳು ಹುಚ್ಚೆದ್ದು ಕುಣಿದು ಸತ್ತವು. ಮನುಷ್ಯರ ಕೈಕಾಲು ನಡುಗಿ, ದೃಷ್ಟಿ ಕಿರಿದಾಗಿ, ಮಾತು ತೊದಲಿತು. ತಾಯಿಯ ಹೊಟ್ಟೆಯಲ್ಲಿದ್ದ ಮಕ್ಕಳೂ ಬಲಿಯಾದರು. 1956ರ ಮೇ 1ರಂದು ರೋಗ ಅಧಿಕೃತವಾಗಿ ದಾಖಲಾಯಿತು. ಕಾರ್ಖಾನೆಯ ಪಾದರಸವೇ ಕಾರಣವೆಂದು ಸರ್ಕಾರ ಒಪ್ಪಿಕೊಂಡಿದ್ದು 1968ರಲ್ಲಿ. ಎರಡು ಸಾವಿರಕ್ಕೂ ಹೆಚ್ಚು ಜನರನ್ನು ರೋಗಪೀಡಿತರೆಂದು ಅಧಿಕೃತವಾಗಿ ಗುರುತಿಸಲಾಯಿತು. ವೇಗವರ್ಧಕ ತಾನು ಖರ್ಚಾಗುವುದಿಲ್ಲ ಎಂಬುದು ಪಠ್ಯಪುಸ್ತಕದ ಮಾತು. ಕಾರ್ಖಾನೆಯಲ್ಲಿ ಅದು ಸೋರುತ್ತದೆ, ಆವಿಯಾಗುತ್ತದೆ, ರೂಪ ಬದಲಿಸುತ್ತದೆ. ಆದ್ದರಿಂದ ವೇಗವರ್ಧಕವಾಗಿ ಯಾವ ಲೋಹವನ್ನು ಆರಿಸುತ್ತೇವೆ ಎಂಬುದು ಜನರ ಜೀವದ ಪ್ರಶ್ನೆಯೂ ಹೌದು.

ಮಿನಮಾತ ದುರಂತದ ನಂತರವೂ ಪಾದರಸ ರಾಸಾಯನಿಕ ಕೈಗಾರಿಕೆಯಿಂದ ತೊಲಗಲಿಲ್ಲ. ಕೊಳವೆಬಾವಿಯಿಂದ ತೋಟದವರೆಗೆ ನೀರು ಒಯ್ಯುವ ಪಿವಿಸಿ ಪೈಪಿನ ಮೂಲ ವಸ್ತು ವಿನೈಲ್ ಕ್ಲೋರೈಡ್. ಜಗತ್ತಿನ ಬಹುಭಾಗದಲ್ಲಿ ಅದನ್ನು ಪೆಟ್ರೋಲಿಯಂ ಮೂಲದ ಎಥಿಲೀನಿನಿಂದ ಮಾಡುತ್ತಾರೆ. ಕಲ್ಲಿದ್ದಲು ಹೇರಳವಾಗಿರುವ ಚೀನಾದಲ್ಲಿ ಮಾತ್ರ ಕಲ್ಲಿದ್ದಲಿನಿಂದ ಕ್ಯಾಲ್ಸಿಯಂ ಕಾರ್ಬೈಡ್, ಕಾರ್ಬೈಡಿನಿಂದ ಅಸಿಟಿಲೀನ್, ಅದಕ್ಕೆ ಹೈಡ್ರೋಜನ್ ಕ್ಲೋರೈಡ್ ಸೇರಿಸಿ ವಿನೈಲ್ ಕ್ಲೋರೈಡ್ ಎಂಬ ದಾರಿ ಹಿಡಿದರು. ಮಾವಿನಕಾಯಿಯನ್ನು ಅಕ್ರಮವಾಗಿ ಹಣ್ಣು ಮಾಡಲು ಮಂಡಿಗಳಲ್ಲಿ ಬಳಸುವ ಕಾರ್ಬೈಡೂ ಇದೇ, ಅಲ್ಲೂ ಕೆಲಸ ಮಾಡುವುದು ಅಸಿಟಿಲೀನೇ. ಚೀನಾದ ಈ ಕಾರ್ಖಾನೆಗಳಲ್ಲಿ ವೇಗವರ್ಧಕ, ಇದ್ದಿಲಿನ ಮೇಲೆ ಹರಡಿದ ಪಾದರಸದ ಕ್ಲೋರೈಡ್. ಕಾದಾಗ ಅದು ಸ್ವಲ್ಪ ಸ್ವಲ್ಪವೇ ಆವಿಯಾಗಿ ಹೋಗುತ್ತದೆ, ಮತ್ತೆ ಮತ್ತೆ ಹೊಸದನ್ನು ತುಂಬಬೇಕಾಗುತ್ತದೆ.

ಇದಕ್ಕೆ ಬದಲಿ ಹುಡುಕಿದವರು ಗ್ರಹಾಂ ಹಚಿಂಗ್ಸ್. 1980ರ ದಶಕದ ಆರಂಭದಲ್ಲಿ ಅವರು ದಕ್ಷಿಣ ಆಫ್ರಿಕಾದಲ್ಲಿದ್ದರು. ಬೇರೆ ಬೇರೆ ಲೋಹಗಳ ಕ್ಲೋರೈಡುಗಳು ಈ ಕ್ರಿಯೆಯಲ್ಲಿ ಎಷ್ಟು ಚುರುಕು ಎಂಬ ಹಳೆಯ ಅಂಕಿಅಂಶಗಳನ್ನು ಎದುರಿಗಿಟ್ಟುಕೊಂಡು, ಆಯಾ ಲೋಹದ ಅಯಾನು, ಅಂದರೆ ವಿದ್ಯುದಂಶವಿರುವ ಪರಮಾಣು, ಎಲೆಕ್ಟ್ರಾನುಗಳನ್ನು ಪಡೆದು ಲೋಹವಾಗುವ ಒಲವಿನ ಜೊತೆ ಅವನ್ನು ಹೋಲಿಸಿದರು. ಆ ಒಲವು ಹೆಚ್ಚಿದಷ್ಟೂ ಚುರುಕು ಹೆಚ್ಚುತ್ತಿತ್ತು. ಹಾಗಿದ್ದರೆ ಎಲ್ಲಕ್ಕಿಂತ ಚುರುಕಾಗಿರಬೇಕಾದದ್ದು ಚಿನ್ನ ಎಂದು 1985ರ ಪ್ರಬಂಧದಲ್ಲಿ ಮುನ್ಸೂಚಿಸಿದರು. ಪರೀಕ್ಷಿಸಿ ನೋಡಿದಾಗ ಹಾಗೆಯೇ ಆಯಿತು. ಒಸಾಕಾದ ಹರೂತ ಒಂದು ಕಡೆ, ದಕ್ಷಿಣ ಆಫ್ರಿಕಾದ ಹಚಿಂಗ್ಸ್ ಇನ್ನೊಂದು ಕಡೆ, ಬೇರೆ ಬೇರೆ ದಾರಿಯಿಂದ ಒಂದೇ ದಶಕದಲ್ಲಿ ಚಿನ್ನದ ಸೋಮಾರಿತನವನ್ನು ಬಿಡಿಸಿದರು.

ಕಾರ್ಖಾನೆಯ ಬಾಗಿಲು ಮಾತ್ರ ಬೇಗ ತೆರೆಯಲಿಲ್ಲ. ಮೊದಲಿನ ಚಿನ್ನದ ವೇಗವರ್ಧಕಕ್ಕೆ ಲೋಹ ಹೆಚ್ಚು ಬೇಕಿತ್ತು, ತಯಾರಿಸಲು ಆಕ್ವಾ ರೀಜಿಯಾದಂಥ ಉಗ್ರ ಆಮ್ಲ ಬೇಕಿತ್ತು, ಆಯಸ್ಸೂ ಕಡಿಮೆಯಿತ್ತು. ಹಚಿಂಗ್ಸರ ಕಾರ್ಡಿಫ್ ವಿಶ್ವವಿದ್ಯಾಲಯದ ತಂಡ ಮತ್ತು ಜಾನ್ಸನ್ ಮ್ಯಾಥಿ ಕಂಪನಿ ಸೇರಿ ಚಿನ್ನದ ಪ್ರಮಾಣವನ್ನು ಬಹಳಷ್ಟು ಇಳಿಸಿ, ಆಮ್ಲದ ಬದಲು ಥಯೋಸಲ್ಫೇಟ್ ಬಳಸಿ, ಚೀನಾದ ಕಾರ್ಖಾನೆಗಳಲ್ಲಿ ಪರೀಕ್ಷಿಸಿ ಅದನ್ನು ವ್ಯಾಪಾರಕ್ಕೆ ತರುವ ಹೊತ್ತಿಗೆ ಮೊದಲ ಪ್ರಬಂಧಕ್ಕೆ ಮೂವತ್ತು ವರ್ಷ ತುಂಬಿತ್ತು. ಅಷ್ಟರಲ್ಲಿ ಕಾನೂನೂ ಜೊತೆಗೂಡಿತು. 2013ರಲ್ಲಿ ರೂಪುಗೊಂಡು 2017ರ ಆಗಸ್ಟ್‌ನಲ್ಲಿ ಜಾರಿಗೆ ಬಂದ, ಪಾದರಸದ ಬಳಕೆ ತಗ್ಗಿಸುವ ಅಂತರರಾಷ್ಟ್ರೀಯ ಮಿನಮಾತ ಒಪ್ಪಂದ, ವಿನೈಲ್ ಕ್ಲೋರೈಡ್ ತಯಾರಿಕೆಯಲ್ಲಿ ಪ್ರತಿ ಟನ್ನಿಗೆ ಬಳಸುವ ಪಾದರಸವನ್ನು 2020ರ ಹೊತ್ತಿಗೆ 2010ರ ಅರ್ಧಕ್ಕೆ ಇಳಿಸಬೇಕೆಂದು ಕಟ್ಟುಮಾಡಿತು. ಭಾರತ ಈ ಒಪ್ಪಂದವನ್ನು 2018ರಲ್ಲಿ ಅನುಮೋದಿಸಿತು.

2017ರಲ್ಲೇ ಇನ್ನೊಂದು ಸಂಗತಿ ಬೆಳಕಿಗೆ ಬಂತು. ವಿನೈಲ್ ಕ್ಲೋರೈಡ್ ಆಗುವ ಕ್ರಿಯೆ ನಡೆಯುತ್ತಿರುವಾಗಲೇ ಎಕ್ಸ್-ಕಿರಣ ಹಾಯಿಸಿ ನೋಡಿದಾಗ, ಇಲ್ಲಿ ದುಡಿಯುತ್ತಿದ್ದದ್ದು ಚಿನ್ನದ ನ್ಯಾನೊಕಣಗಳಲ್ಲ, ಇದ್ದಿಲಿನ ಮೇಲೆ ಒಂಟೊಂಟಿಯಾಗಿ ಕುಳಿತ ಚಿನ್ನದ ಅಯಾನುಗಳು ಎಂದು ತಿಳಿಯಿತು. ಅವು ಒಟ್ಟುಗೂಡಿ ಕಣಗಳಾದರೆ ಕೆಲಸ ನಿಲ್ಲುತ್ತದೆ. ಚೀನಾದ ದಾಲಿಯನ್ನಿನ ಝಾಂಗ್ ತಾವೊ ತಂಡ 2011ರಲ್ಲೇ ಕಬ್ಬಿಣದ ಆಕ್ಸೈಡಿನ ಮೇಲೆ ಪ್ಲಾಟಿನಂ ಪರಮಾಣುಗಳನ್ನು ಬಿಡಿಬಿಡಿಯಾಗಿ ಕೂರಿಸಿ, ಪ್ರತಿಯೊಂದೂ ಕೆಲಸಗಾರನಾಗುವುದನ್ನು ತೋರಿಸಿತ್ತು. ನ್ಯಾನೊಕಣದಲ್ಲಿ ಒಳಗೆ ಸಿಕ್ಕ ಪರಮಾಣುಗಳು ದುಡಿಯಲಾರವು. ಒಂಟಿ ಪರಮಾಣುವಿನಲ್ಲಿ ಒಳಗು ಎಂಬುದೇ ಇಲ್ಲ, ಬೆಲೆಬಾಳುವ ಲೋಹದ ಒಂದು ಪರಮಾಣುವೂ ವ್ಯರ್ಥವಾಗುವುದಿಲ್ಲ.

ಈ ದಿಕ್ಕಿನ ಕೆಲಸದಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಹೆಸರು ಹೇಳಲೇಬೇಕು. ಅಲ್ಲಿನ ಕೆ.ಸಿ. ಪಾಟೀಲರು 1988ರಲ್ಲಿ ಆಕ್ಸೈಡುಗಳ ಸೂಕ್ಷ್ಮ ಪುಡಿ ತಯಾರಿಸಲು ಒಂದು ಸರಳ ವಿಧಾನವನ್ನು ಪ್ರಕಟಿಸಿದರು. ಲೋಹದ ನೈಟ್ರೇಟನ್ನು ಯೂರಿಯಾ ಜೊತೆ ನೀರಿನಲ್ಲಿ ಕಲಸಿ, 500 ಡಿಗ್ರಿಗೆ ಕಾಯಿಸಿದ ಕುಲುಮೆಯೊಳಗೆ ಇಟ್ಟರೆ ಮಿಶ್ರಣ ಕುದಿದು, ನೊರೆಯೆದ್ದು, ತಾನೇ ಹೊತ್ತಿಕೊಳ್ಳುತ್ತದೆ. ಕೆಲವೇ ನಿಮಿಷಗಳಲ್ಲಿ ಪಾತ್ರೆ ತುಂಬ ಹಗುರವಾದ, ಉಬ್ಬಿದ ಪುಡಿ. ಗಂಟೆಗಟ್ಟಲೆ, ದಿನಗಟ್ಟಲೆ ಹೆಚ್ಚಿನ ಕಾವಿನಲ್ಲಿ ಸುಡಬೇಕಿದ್ದ ಕೆಲಸವನ್ನು ಹೊಲಕ್ಕೆ ಹಾಕುವ ಯೂರಿಯಾ ಇಂಧನವಾಗಿ ಮುಗಿಸಿಬಿಡುತ್ತಿತ್ತು. ಈ ದಹನ ವಿಧಾನವನ್ನು ಇಂದು ಜಗತ್ತಿನ ನಾನಾ ಪ್ರಯೋಗಾಲಯಗಳಲ್ಲಿ ಬಳಸುತ್ತಾರೆ.

ಅದೇ ಸಂಸ್ಥೆಯ ಎಂ.ಎಸ್. ಹೆಗಡೆ ಮತ್ತು ಗಿರಿಧರ್ ಮದ್ರಾಸ್ ಈ ವಿಧಾನವನ್ನು ವೇಗವರ್ಧಕಗಳ ಕಡೆಗೆ ತಿರುಗಿಸಿದರು. ಪ್ಲಾಟಿನಂ ಅಥವಾ ಪಲ್ಲಾಡಿಯಂ ಕಣಗಳನ್ನು ಸೀರಿಯಂ ಆಕ್ಸೈಡಿನ ಮೇಲೆ ಅಂಟಿಸುವ ಬದಲು, ಲೋಹದ ಅಯಾನುಗಳನ್ನೇ ಆಕ್ಸೈಡಿನ ಸ್ಫಟಿಕ ಜಾಲದೊಳಗೆ ಸೀರಿಯಂ ಇರಬೇಕಾದ ಜಾಗದಲ್ಲಿ ಕೂರಿಸಿದರು. ನೂರು ಜಾಗಗಳಲ್ಲಿ ಒಂದೆರಡಕ್ಕೆ ಮಾತ್ರ ಬೆಲೆಬಾಳುವ ಲೋಹ, ಉಳಿದದ್ದೆಲ್ಲ ಸೀರಿಯಂ. ಜಾಲದೊಳಗೆ ಕುಳಿತ ಅಯಾನುಗಳು ಓಡಾಡಿ ಒಂದಕ್ಕೊಂದು ಸೇರಿಕೊಳ್ಳಲಾರವು. ಪಕ್ಕದಲ್ಲೇ ಇರುವ ಆಕ್ಸಿಜನ್ ಕ್ರಿಯೆಗೆ ಒದಗುತ್ತದೆ. ಕಾರ್ಬನ್ ಮೊನಾಕ್ಸೈಡ್, ನೈಟ್ರಿಕ್ ಆಕ್ಸೈಡ್ ಮುಂತಾದ ಹೊಗೆಯ ವಿಷಗಳನ್ನು ಕಳೆಯುವಲ್ಲಿ ಇವು ಸಾಮಾನ್ಯ ನ್ಯಾನೊಕಣಗಳಿಗಿಂತ ಚುರುಕಾಗಿದ್ದವು. ಹೆಗಡೆ, ಮದ್ರಾಸ್ ಮತ್ತು ಪಾಟೀಲ್ ಸೇರಿ 2009ರಲ್ಲಿ ಈ ಕೆಲಸವನ್ನೆಲ್ಲ ಒಂದು ಸಮೀಕ್ಷಾ ಲೇಖನದಲ್ಲಿ ಜಗತ್ತಿನ ಮುಂದಿಟ್ಟರು. ಒಂಟಿ ಪರಮಾಣು ವೇಗವರ್ಧಕ ಎಂಬ ಮಾತು ಎಲ್ಲರ ಬಾಯಿಗೆ ಬರುವ ಮುನ್ನವೇ ಬೆಂಗಳೂರು ಆ ದಾರಿಯಲ್ಲಿ ನಡೆದಿತ್ತು. ಈ ಮೊದಲ ಹೆಜ್ಜೆಗೆ ಸಲ್ಲಬೇಕಾದ ಗೌರವ ಕನ್ನಡ ನಾಡಿನಲ್ಲೇ ಇನ್ನೂ ಸಾಕಷ್ಟು ಸಂದಿಲ್ಲ.

ಇಂಥ ವೇಗವರ್ಧಕ ಸಾಮಾನ್ಯ ಓದುಗರಿಗೆ ಅತಿ ಹತ್ತಿರದಲ್ಲಿ ಸಿಗುವುದು ಕಾರಿನ ಎಂಜಿನ್ನಿಗೂ ಸೈಲೆನ್ಸರಿಗೂ ನಡುವೆ ಇರುವ ಕೆಟಲಿಟಿಕ್ ಕನ್ವರ್ಟರಿನಲ್ಲಿ. ಅದರ ಒಳಗೆ ಜೇನುಗೂಡಿನಂತೆ ಸಾವಿರಾರು ಸಣ್ಣ ಕೊಳವೆಗಳಿರುವ ಸೆರಾಮಿಕ್ ಗಟ್ಟಿ ಇರುತ್ತದೆ. ಕೊಳವೆಗಳ ಗೋಡೆಗೆ ಅಲ್ಯುಮಿನಾ ಮತ್ತು ಸೀರಿಯಂ ಆಕ್ಸೈಡಿನ ಲೇಪ, ಲೇಪದ ತುಂಬ ಪ್ಲಾಟಿನಂ, ಪಲ್ಲಾಡಿಯಂ, ರೋಡಿಯಂಗಳ ನ್ಯಾನೊಕಣಗಳು. ಕಾರ್ಬನ್ ಮೊನಾಕ್ಸೈಡ್ ಮತ್ತು ಉರಿಯದೆ ಉಳಿದ ಇಂಧನ ಇಲ್ಲಿ ಪೂರ್ತಿ ಉರಿಯುತ್ತವೆ, ನೈಟ್ರೋಜನ್ ಆಕ್ಸೈಡುಗಳು ಒಡೆದು ಸಾಮಾನ್ಯ ನೈಟ್ರೋಜನ್ ಆಗುತ್ತವೆ. ಭಾರತದಲ್ಲಿ 1995ರ ಏಪ್ರಿಲ್ 1ರಿಂದ ದೆಹಲಿ, ಮುಂಬೈ, ಕೋಲ್ಕತ್ತ, ಚೆನ್ನೈ ನಗರಗಳ ಹೊಸ ಪೆಟ್ರೋಲ್ ಕಾರುಗಳಿಗೆ ಇದು ಕಡ್ಡಾಯವಾಯಿತು.

ಅದರ ಜೊತೆಗೇ ಸೀಸವಿಲ್ಲದ ಪೆಟ್ರೋಲ್ ಬಂದದ್ದು ಆಕಸ್ಮಿಕವಲ್ಲ. ಸೀಸ ಪ್ಲಾಟಿನಂ ಮೇಲೆ ಕುಳಿತರೆ ಮತ್ತೆ ಏಳುವುದಿಲ್ಲ, ವೇಗವರ್ಧಕ ಸತ್ತಂತೆಯೇ. 2000ದ ಫೆಬ್ರುವರಿಯಲ್ಲಿ ದೇಶದಾದ್ಯಂತ ಸೀಸದ ಪೆಟ್ರೋಲ್ ನಿಂತಿತು. ಮಕ್ಕಳ ರಕ್ತ ಸೇರುತ್ತಿದ್ದ ಒಂದು ವಿಷ ತೊಲಗಲು ಹೀಗೆ ವೇಗವರ್ಧಕದ ಸೂಕ್ಷ್ಮ ಸ್ವಭಾವವೂ ಒತ್ತಾಸೆಯಾಯಿತು. ಗಂಧಕಕ್ಕೂ ಇದೇ ಮಾತು ಅನ್ವಯಿಸುತ್ತದೆ. 2020ರ ಏಪ್ರಿಲ್‌ನಲ್ಲಿ ಬಂದ, ವಾಹನಗಳ ಹೊಗೆಗೆ ಮಿತಿ ಹಾಕುವ ಬಿಎಸ್-6 ನಿಯಮ ಇಂಧನದ ಗಂಧಕವನ್ನು ಹತ್ತು ಲಕ್ಷಕ್ಕೆ 50 ಭಾಗದಿಂದ 10ಕ್ಕೆ ಇಳಿಸಿದ್ದರ ಹಿಂದೆ ಈ ಕಾರಣವೂ ಇದೆ.

ನ್ಯಾನೊಕಣಗಳಿಗೆ ಅವುಗಳ ಚುರುಕೇ ಶತ್ರುವೂ ಹೌದು. ನೆರೆಯವರು ಕಡಿಮೆಯಿರುವ ಪರಮಾಣು ಸದಾ ಇನ್ನಷ್ಟು ನೆರೆಯವರನ್ನು ಹುಡುಕುತ್ತದೆ. ಎಂಟುನೂರು, ಒಂಬೈನೂರು ಡಿಗ್ರಿ ಮುಟ್ಟುವ ಕನ್ವರ್ಟರಿನಲ್ಲಿ ಸಣ್ಣ ಕಣಗಳು ಸರಿದು ಸೇರಿ ದಪ್ಪಗಾಗುತ್ತವೆ, ವರ್ಷಗಳು ಉರುಳಿದಂತೆ ಕನ್ವರ್ಟರ್ ಮಂದವಾಗುತ್ತದೆ. ಚಿನ್ನ ಕಾರಿನ ಕೆಲಸಕ್ಕೆ ಸುಲಭವಾಗಿ ಒಗ್ಗದಿರುವುದೂ ಇದರಿಂದಲೇ. ಪ್ಲಾಟಿನಂಗಿಂತ ಬಹಳ ಕಡಿಮೆ ಕಾವಿನಲ್ಲಿ ಅದರ ಕಣಗಳು ಬೆಸೆದುಕೊಳ್ಳುತ್ತವೆ. ಪ್ರಯೋಗಾಲಯದಲ್ಲಿ ಕೆಲವು ಗಂಟೆ ದುಡಿದ ವೇಗವರ್ಧಕ, ಕಾರ್ಖಾನೆಯಲ್ಲಿ ಸಾವಿರಾರು ಗಂಟೆ ತಾಳುತ್ತದೆಯೇ ಎಂಬ ಪರೀಕ್ಷೆಯಲ್ಲೇ ಬಹಳಷ್ಟು ಸಂಶೋಧನೆಗಳು ಉದುರಿಹೋಗುತ್ತವೆ. ಎಷ್ಟು ಚುರುಕು ಎಂಬುದರ ಜೊತೆ ಎಷ್ಟು ಕಾಲ ಎಂಬುದನ್ನೂ ಕೇಳದ ಸಂಶೋಧನೆ ಅರ್ಧಕ್ಕೇ ನಿಂತಂತೆ.

ಮುಂದಿನ ದಿನಗಳಲ್ಲಿ ಈ ವಿಜ್ಞಾನದ ಮೇಲಿನ ಭಾರ ಇನ್ನೂ ಹೆಚ್ಚಲಿದೆ. ಕೇಂದ್ರ ಸರ್ಕಾರ 2023ರ ಜನವರಿಯಲ್ಲಿ 19,744 ಕೋಟಿ ರೂಪಾಯಿಯ ರಾಷ್ಟ್ರೀಯ ಹಸಿರು ಹೈಡ್ರೋಜನ್ ಮಿಷನ್ನಿಗೆ ಒಪ್ಪಿಗೆ ಕೊಟ್ಟಿತು. 2030ರ ಹೊತ್ತಿಗೆ ವರ್ಷಕ್ಕೆ 50 ಲಕ್ಷ ಟನ್ ಹೈಡ್ರೋಜನ್ ತಯಾರಿಸುವ ಸಾಮರ್ಥ್ಯ ಅದರ ಗುರಿ. ನೀರನ್ನು ವಿದ್ಯುತ್ತಿನಿಂದ ಒಡೆಯುವ ಯಂತ್ರಗಳಲ್ಲಿ ಒಂದು ಬಗೆಯವಕ್ಕೆ ಪ್ಲಾಟಿನಂ ಮತ್ತು ಇರಿಡಿಯಂ ಬೇಕು. ಹೈಡ್ರೋಜನ್ನಿನಿಂದ ವಿದ್ಯುತ್ ಕೊಡುವ ಇಂಧನ ಕೋಶದಲ್ಲೂ ಇದ್ದಿಲಿನ ಮೇಲೆ ಹರಡಿದ ಕೆಲವೇ ನ್ಯಾನೊಮೀಟರಿನ ಪ್ಲಾಟಿನಂ ಕಣಗಳಿವೆ. ಜಗತ್ತಿನ ಪ್ಲಾಟಿನಂನ ಬಹುಪಾಲು ದಕ್ಷಿಣ ಆಫ್ರಿಕಾದಿಂದ ಬರುತ್ತದೆ. ಇರಿಡಿಯಂ ಅಂತೂ ಇಡೀ ಭೂಮಿಯಲ್ಲಿ ವರ್ಷಕ್ಕೆ ಏಳೆಂಟು ಟನ್ ಸಿಕ್ಕರೆ ಹೆಚ್ಚು. ದಾವಣಗೆರೆ ಜಿಲ್ಲೆಯ ಚನ್ನಗಿರಿ ತಾಲ್ಲೂಕಿನ ಹನುಮಲಾಪುರದ ಶಿಲೆಗಳಲ್ಲಿ ಪ್ಲಾಟಿನಂ ಗುಂಪಿನ ಲೋಹಗಳಿರುವುದನ್ನು ಭೂವಿಜ್ಞಾನಿಗಳು ಗುರುತಿಸಿದ್ದಾರೆ. ಆದರೂ ದೇಶದ ಅಗತ್ಯಕ್ಕೆ ಸದ್ಯ ಆಮದೇ ಗತಿ. ಇದ್ದ ಲೋಹವನ್ನು ಪರಮಾಣು ಪರಮಾಣುವಾಗಿ ದುಡಿಸುವುದು, ಸಾಧ್ಯವಿದ್ದಲ್ಲೆಲ್ಲ ನಿಕ್ಕಲ್, ಕಬ್ಬಿಣ, ತಾಮ್ರದಂಥ ಅಗ್ಗದ ಲೋಹಗಳನ್ನು ಆ ಜಾಗಕ್ಕೆ ತರುವುದು ಭಾರತದಂಥ ದೇಶಕ್ಕೆ ಅನಿವಾರ್ಯ.

ಬೆಂಗಳೂರಿನ ಜಕ್ಕೂರಿನಲ್ಲಿರುವ ಜವಾಹರಲಾಲ್ ನೆಹರೂ ಉನ್ನತ ವೈಜ್ಞಾನಿಕ ಸಂಶೋಧನಾ ಕೇಂದ್ರದಲ್ಲಿ ಇಂಥ ಕೆಲಸ ನಡೆಯುತ್ತಿದೆ. ಸಿ.ಎನ್.ಆರ್. ರಾವ್ ಅವರು ಕಟ್ಟಿ ಬೆಳೆಸಿದ ಈ ಕೇಂದ್ರದ ಸೆಬಾಸ್ಟಿಯನ್ ಪೀಟರ್ ತಂಡ, ಕಾರ್ಬನ್ ಡೈಆಕ್ಸೈಡನ್ನು ಮೆಥನಾಲಿನಂಥ ಇಂಧನವನ್ನಾಗಿ ಬದಲಿಸುವ ವೇಗವರ್ಧಕಗಳನ್ನು ರೂಪಿಸಿದೆ. ಅದರಿಂದ ಹುಟ್ಟಿದ ಬ್ರೀದ್ ಎಂಬ ಕಂಪನಿ, ಕಾರ್ಬನ್ ಎಕ್ಸ್‌ಪ್ರೈಜ್ ಜಾಗತಿಕ ಸ್ಪರ್ಧೆಯಲ್ಲಿ 2018ರಲ್ಲಿ ಅಂತಿಮ ಸುತ್ತಿಗೆ ಆಯ್ಕೆಯಾದ ಹತ್ತು ತಂಡಗಳಲ್ಲಿ ಒಂದಾಗಿತ್ತು. ಪ್ರಬಂಧ ಪ್ರಕಟಿಸಿ ಕೈತೊಳೆದುಕೊಳ್ಳದೆ ಯಂತ್ರ ಕಟ್ಟುವವರೆಗೆ ಹೋಗುವ ಈ ಹಟ ಇನ್ನಷ್ಟು ಪ್ರಯೋಗಾಲಯಗಳಿಗೆ ಬರಬೇಕು. ಹಚಿಂಗ್ಸರ ಚಿನ್ನಕ್ಕೆ ಮೂವತ್ತು ವರ್ಷ ಹಿಡಿಯಿತು. ಅಷ್ಟು ವರ್ಷ ಕಾಯುವ ತಾಳ್ಮೆಯ ಹಣ ನಮ್ಮ ಸಂಶೋಧನೆಗೆ ಸಿಗುತ್ತಿಲ್ಲ. ಮೂರು ವರ್ಷದ ಯೋಜನೆ, ಮೂರು ವರ್ಷಕ್ಕೆ ವರದಿ ಎಂಬ ಪದ್ಧತಿಯಲ್ಲಿ ವೇಗವರ್ಧಕದ ಆಯಸ್ಸನ್ನು ಅಳೆಯುವುದೂ ಕಷ್ಟ. ಸರ್ಕಾರದ ವಿಜ್ಞಾನ ಇಲಾಖೆಗಳು ಮತ್ತು ರಾಸಾಯನಿಕ ಉದ್ಯಮಗಳು ಜಂಟಿಯಾಗಿ ದೀರ್ಘಾವಧಿಯ ಪರೀಕ್ಷಾ ಘಟಕಗಳನ್ನು ಕಟ್ಟಿಕೊಡುವುದು ಇದಕ್ಕೆ ಪರಿಹಾರ.

ಸಾಮಾನ್ಯ ಜನರೂ ಕೈಜೋಡಿಸಬಹುದಾದ ಒಂದು ಕೆಲಸವಿದೆ. ಪ್ರತಿ ಹಳೆಯ ಕಾರಿನ ಕನ್ವರ್ಟರಿನಲ್ಲಿ ಕೆಲವು ಗ್ರಾಂನಷ್ಟು ಪ್ಲಾಟಿನಂ, ಪಲ್ಲಾಡಿಯಂ, ರೋಡಿಯಂ ಇದೆ. ಕಣಗಳು ದಪ್ಪಗಾಗಿ ವೇಗವರ್ಧಕ ಸತ್ತರೂ ಲೋಹ ಎಲ್ಲೂ ಹೋಗಿರುವುದಿಲ್ಲ, ಕರಗಿಸಿ ಶುದ್ಧೀಕರಿಸಿದರೆ ಮತ್ತೆ ಹೊಸ ನ್ಯಾನೊಕಣಗಳಾಗುತ್ತದೆ. ಬೀದಿ ಗುಜರಿಯಲ್ಲಿ ಸುತ್ತಿಗೆ ಪೆಟ್ಟಿಗೆ ಒಡೆದ ಕನ್ವರ್ಟರಿನಿಂದ ಆ ಪುಡಿ ಮಣ್ಣುಪಾಲಾಗುತ್ತದೆ, ಒಡೆಯುವ ಕೆಲಸಗಾರನ ಶ್ವಾಸಕೋಶಕ್ಕೂ ಸೇರುತ್ತದೆ. ಕೇಂದ್ರದ ವಾಹನ ಗುಜರಿ ನೀತಿ 2021ರಲ್ಲಿ ಜಾರಿಯಾದ ನಂತರ ನೋಂದಾಯಿತ ಗುಜರಿ ಕೇಂದ್ರಗಳು ತೆರೆದಿವೆ. ಹಳೆಯ ವಾಹನವನ್ನು ವಿಲೇವಾರಿ ಮಾಡುವವರು ಅಂಥ ಕೇಂದ್ರಕ್ಕೇ ಕೊಡಲಿ, ಕನ್ವರ್ಟರ್ ಕಳಚದೆ ಹಾಗೆಯೇ ಇರುವುದನ್ನು ನೋಡಿಕೊಳ್ಳಲಿ, ಕೊಟ್ಟದ್ದಕ್ಕೆ ಪ್ರಮಾಣಪತ್ರವನ್ನು ಕೇಳಿ ಪಡೆಯಲಿ.